ವಿಡಿಯೋ ನಿಲ್ಲಿಸೋದು ಕಲಿತ ಮೇಲೆ

ನಮ್ಮ ಹೈಸ್ಕೂಲಿಗೆ ಪ್ರೊಜೆಕ್ಟರ್ ಬಂದ ದಿನ ನನಗೆ ಹಬ್ಬ ಬಂದಷ್ಟು ಖುಷಿ. ಪಾಂಡವಪುರ ತಾಲ್ಲೂಕಿನ ಒಂದು ಊರು ನಮ್ಮದು. ಸುತ್ತ ಕಬ್ಬಿನ ಗದ್ದೆ, ಶಾಲೆಯ ಹಿಂದೆಯೇ ವಿಶ್ವೇಶ್ವರಯ್ಯ ನಾಲೆಯಿಂದ ಬರುವ ಒಂದು ಉಪನಾಲೆ. ನಾನು ಎಂಟರಿಂದ ಹತ್ತನೇ ತರಗತಿವರೆಗೆ ವಿಜ್ಞಾನ ಹೇಳಿಕೊಡುತ್ತೇನೆ. ಅದುವರೆಗೆ ನನ್ನ ಕೈಯಲ್ಲಿ ಇದ್ದದ್ದು ಕರಿಹಲಗೆ, ಸೀಮೆಸುಣ್ಣ, ಅಂಚು ಹರಿದ ಮೂರ್ನಾಲ್ಕು ಚಾರ್ಟು, ಬೀರುವಿನಲ್ಲಿ ಒಂದಿಷ್ಟು ಹಳೆಯ ಉಪಕರಣ. ಹಳೆಯ ವಿದ್ಯಾರ್ಥಿಗಳು ತಲಾ ಇಷ್ಟು ಅಂತ ಹಾಕಿ ಪ್ರೊಜೆಕ್ಟರ್ ಕೊಡಿಸಿದರು. ಲ್ಯಾಪ್‌ಟಾಪ್ ನನ್ನದೇ.

ಮೊದಲ ಕೆಲಸ ಕತ್ತಲೆ ಮಾಡೋದು. ನಮ್ಮ ಕೊಠಡಿಗೆ ನಾಲ್ಕು ಕಿಟಕಿ. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ನೇರವಾಗಿ ಗೋಡೆಗೆ ಹೊಡೆಯುತ್ತದೆ. ಹುಡುಗರು ಊರಲ್ಲಿ ಬಿಚ್ಚಿಟ್ಟಿದ್ದ ಹಳೆಯ ಫ್ಲೆಕ್ಸ್‌ಗಳನ್ನು ತಂದು, ಮೊಳೆ ಹೊಡೆದು, ದಾರ ಕಟ್ಟಿ, ಬೇಕಾದಾಗ ಸುತ್ತಿಡುವ ಹಾಗೆ ಮಾಡಿಕೊಟ್ಟರು. ಪರದೆಯ ಬದಲು ಗೋಡೆಗೇ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರಕ್ಕೆ ಬಿಳಿ ಬಣ್ಣ ಹೊಡೆದೆವು. ಯಾರಾದರೂ ಹೀಗೆ ಮಾಡೋದಾದರೆ ಹೊಳೆಯುವ ಬಣ್ಣ ಬೇಡ, ಡಿಸ್ಟೆಂಪರ್ ಸಾಕು. ಹೊಳೆಯುವ ಬಣ್ಣದ ಮೇಲೆ ಬೆಳಕು ಒಂದೇ ಕಡೆ ಮಿಂಚುತ್ತದೆ, ಪಕ್ಕದ ಬೆಂಚಿನವರಿಗೆ ಅಕ್ಷರವೇ ಕಾಣುವುದಿಲ್ಲ. ಮತ್ತೆ, ಪೂರ್ತಿ ಕತ್ತಲೆ ಮಾಡಬೇಡಿ. ಹಿಂದಿನ ಒಂದು ಕಿಟಕಿ ತೆರೆದೇ ಇರಲಿ. ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ, ಅದನ್ನೇ ಈಗ ಹೇಳೋಕೆ ಹೊರಟಿದ್ದೀನಿ.

ಮೊದಲ ವರ್ಷ ನಾನು ಮಾಡಿದ್ದು ಇಷ್ಟೆ. ಪಾಠಕ್ಕೆ ಹೊಂದುವ ವಿಡಿಯೋ ಹುಡುಕೋದು, ರಾತ್ರಿ ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕೋದು, ಬೆಳಿಗ್ಗೆ ತರಗತಿಯಲ್ಲಿ ಹಾಕೋದು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಆಯಾ ಪಾಠದ್ದು ಸಿಗುತ್ತದೆ. ಅದನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಮಕ್ಕಳು ಮೌನವಾಗಿ ಕೂತು ನೋಡುತ್ತಿದ್ದರು. ಅಷ್ಟು ಮೌನ ನನ್ನ ತರಗತಿಯಲ್ಲಿ ನಾನು ಕಂಡೇ ಇರಲಿಲ್ಲ. ಹೃದಯ ಬಡಿಯುವುದನ್ನು, ರಕ್ತ ಮೇಲಿನ ಕೋಣೆ ಹೃತ್ಕರ್ಣದಿಂದ ಕೆಳಗಿನ ಕೋಣೆ ಹೃತ್ಕುಕ್ಷಿಗೆ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ "ಅರ್ಥ ಆಯ್ತಾ?" ಅಂದೆ. "ಆಯ್ತು ಮಿಸ್" ಅಂತ ಎಲ್ಲರೂ ಒಟ್ಟಿಗೆ ಅಂದರು.

ಮುಂದಿನ ವಾರ ಕಿರುಪರೀಕ್ಷೆ ಕೊಟ್ಟೆ. ಶುದ್ಧ ರಕ್ತ ಯಾವ ಕಡೆಯಿಂದ ಬರುತ್ತದೆ ಅನ್ನೋದನ್ನೇ ಅರ್ಧಕ್ಕರ್ಧ ಮಕ್ಕಳು ತಲೆಕೆಳಗೆ ಬರೆದಿದ್ದರು. ಅದಕ್ಕಿಂತ ನೋವಾಗಿದ್ದು ಇನ್ನೊಂದು. ಹಿಂದಿನ ವರ್ಷ ನಾನು ಬರೀ ಹಲಗೆ ಮೇಲೆ ಬಿಡಿಸಿ ಹೇಳಿಕೊಟ್ಟ ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೆದಿದ್ದರು. ಆವತ್ತು ಸಂಜೆ ಬಸ್ಸಿನಲ್ಲಿ ಮಂಡ್ಯಕ್ಕೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಇಷ್ಟು ಚೆಂದದ ಚಿತ್ರ, ಇಷ್ಟು ಮೌನ, ಆದರೂ ಯಾಕೆ ತಲೆಗೆ ಹೋಗಲಿಲ್ಲ?

ನಾನು ಓದಿದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಮಾನಸಗಂಗೋತ್ರಿ ಪಕ್ಕದಲ್ಲಿ. 1963ರಲ್ಲಿ ಶುರುವಾದ ಸಂಸ್ಥೆ ಅದು, ಆರ್‌ಐಇ ಅಂತಲೇ ಎಲ್ಲರೂ ಕರೆಯೋದು. ಅಲ್ಲಿ ಪಾಠದ ಅಭ್ಯಾಸಕ್ಕೆ ನಾವು ಓಎಚ್‌ಪಿ ಬಳಸುತ್ತಿದ್ದೆವು. ಪಾರದರ್ಶಕ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು, ಕೆಳಗಿನಿಂದ ಬೆಳಕು ಬಿಟ್ಟು ಗೋಡೆಗೆ ತೋರಿಸೋದು. ಹೃದಯದ ಪಾಠಕ್ಕೆ ನಾನು ನಾಲ್ಕು ಹಾಳೆ ಮಾಡಿಕೊಂಡಿದ್ದೆ. ಮೊದಲನೇದರಲ್ಲಿ ಬರೀ ಹೊರಗಿನ ಗೆರೆ. ಅದರ ಮೇಲೆ ಎರಡನೇದು ಇಟ್ಟರೆ ನಾಲ್ಕು ಕೋಣೆ. ಮೂರನೇದರಲ್ಲಿ ಕವಾಟ. ನಾಲ್ಕನೇದರಲ್ಲಿ ರಕ್ತದ ದಾರಿ. ಒಂದೊಂದು ಹಾಳೆ ಇಡುವ ಮುಂಚೆ "ಈಗ ಇಲ್ಲಿ ಏನಿರಬಹುದು?" ಅಂತ ಕೇಳಲೇಬೇಕಿತ್ತು, ಯಾಕೆಂದರೆ ಹಾಳೆ ಸರಿಯಾಗಿ ಕೂರಿಸೋಕೆ ಅಷ್ಟು ಹೊತ್ತು ಹಿಡಿಯುತ್ತಿತ್ತು. ಆ ಬಸ್ಸಿನಲ್ಲಿ ಕೂತಾಗ ಅದು ನೆನಪಾಯಿತು. ವಿಡಿಯೋದಲ್ಲಿ ಆ ಹೊತ್ತೇ ಇಲ್ಲ. ನಾಲ್ಕೂ ಹಾಳೆ ನಾಲ್ಕು ಸೆಕೆಂಡಿನಲ್ಲಿ ಬಂದು ಹೋಗುತ್ತವೆ.

ಟಿವಿ ಪಾಠದ ಕಷ್ಟವೂ ಇದೇ ಇತ್ತು. 2020ರಲ್ಲಿ ಶಾಲೆ ಮುಚ್ಚಿದ್ದಾಗ ದೂರದರ್ಶನ ಚಂದನದಲ್ಲಿ ಸಂವೇದ ಪಾಠ ಬರುತ್ತಿತ್ತು. ಫೋನ್ ಇಲ್ಲದ ಎಷ್ಟೋ ಮನೆಗೆ ಅದೊಂದೇ ಆಸರೆ, ಅದನ್ನು ನಾನು ಯಾವತ್ತೂ ಕಡಿಮೆ ಮಾಡಿ ಮಾತಾಡಲ್ಲ. ಆದರೆ ಅರ್ಥವಾಗದ ಜಾಗದಲ್ಲಿ ಮಗು ಟಿವಿಯನ್ನು ನಿಲ್ಲಿಸೋಕೆ ಆಗಲ್ಲ. ಅದಕ್ಕೂ ಹಿಂದೆ, 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದಿಂದ ಪಕ್ಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಬರುತ್ತಿತ್ತು. ಅಲ್ಲೂ ಪಾಠ ಅದರ ಪಾಡಿಗೆ ಮುಂದೆ ಹೋಗುತ್ತಿತ್ತು. ನನ್ನ ಹತ್ತಿರ ನಿಲ್ಲಿಸುವ ಗುಂಡಿ ಇತ್ತು. ನಾನೇ ಅದನ್ನು ಒತ್ತಿರಲಿಲ್ಲ.

ಎರಡನೇ ವರ್ಷ ಅಲ್ಲಿಂದಲೇ ಶುರು ಮಾಡಿದೆ. ಹತ್ತು ನಿಮಿಷದ ವಿಡಿಯೋದಲ್ಲಿ ನನಗೆ ಬೇಕಾದ ಒಂದೂವರೆ ನಿಮಿಷ ಮಾತ್ರ ಕತ್ತರಿಸಿಟ್ಟುಕೊಂಡೆ. ಆ ಒಂದೂವರೆ ನಿಮಿಷದಲ್ಲಿ ಮೂರು ಕಡೆ ನಿಲ್ಲಿಸುತ್ತೇನೆ. ನಿಲ್ಲಿಸಿ ಮುಂದೇನಾಗುತ್ತದೆ ಅಂತ ಕೇಳುತ್ತೇನೆ. ಬಾಯಲ್ಲಿ ಹೇಳೋದಲ್ಲ, ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬಾಯಲ್ಲಾದರೆ ಮುಂದಿನ ಬೆಂಚಿನ ಇಬ್ಬರು ಹೇಳುತ್ತಾರೆ, ಮಿಕ್ಕವರು ಹೂಂ ಅನ್ನುತ್ತಾರೆ. ಬರೆದ ಮೇಲೆ ಪ್ರತಿಯೊಬ್ಬರಿಗೂ ಅವರದೇ ಒಂದು ಊಹೆ ಇರುತ್ತದೆ, ಅದು ಸರಿಯೋ ತಪ್ಪೋ ನೋಡಲೇಬೇಕು ಅನ್ನಿಸುತ್ತದೆ. ಹಿಂದಿನ ಕಿಟಕಿ ತೆರೆದಿಡಿ ಅಂದೆನಲ್ಲ, ಅದು ಇದಕ್ಕೇ. ಬರೆಯೋಕೆ ಬೆಳಕು ಬೇಕು.

ಧ್ವನಿಯನ್ನೂ ತೆಗೆದುಬಿಟ್ಟೆ. ನನಗೆ ಸಿಕ್ಕ ಒಳ್ಳೆಯ ವಿಡಿಯೋಗಳಲ್ಲಿ ಜಾಸ್ತಿ ಇಂಗ್ಲಿಷಿನವು. ಮೊದಲು ಕೆಳಗೆ ಕನ್ನಡದಲ್ಲಿ ಬರಹ ಹಾಕಿ ತೋರಿಸುತ್ತಿದ್ದೆ. ಮಕ್ಕಳು ಬರಹ ಓದುವಷ್ಟರಲ್ಲಿ ಚಿತ್ರ ಹೋಗಿರುತ್ತಿತ್ತು, ಚಿತ್ರ ನೋಡಿದರೆ ಬರಹ ಹೋಗಿರುತ್ತಿತ್ತು. ರಿಚರ್ಡ್ ಮೇಯರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ಬರು ಇದನ್ನೇ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಚಿತ್ರದ ಜೊತೆ ಮಾತು ಕೇಳಿಸಿದರೆ ಕಲಿಕೆ ಚೆನ್ನಾಗಿರುತ್ತದೆ, ಅದೇ ಮಾತನ್ನು ಪರದೆ ಮೇಲೆ ಬರಹವಾಗಿಯೂ ತುಂಬಿದರೆ ಸಾಮಾನ್ಯವಾಗಿ ಕಣ್ಣಿಗೆ ಭಾರವಾಗುತ್ತದೆ, ಪಾಠವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಟ್ಟರೆ ಒಳ್ಳೆಯದು ಅಂತ. ಆದರೆ ಹೊಸ ಪದಗಳ ಮಾತು ಬೇರೆ, ಅವು ಬರಹದಲ್ಲಿ ಕಂಡರೇ ನಿಲ್ಲೋದು. ಹಾಗಾಗಿ ಚಿತ್ರಕ್ಕೆ ನನ್ನ ಮಾತು, ವಿಭವಾಂತರ (ವೋಲ್ಟೇಜ್), ರೋಧ (ಕರೆಂಟಿನ ಹರಿವಿಗೆ ಇರುವ ತಡೆ) ಇಂಥ ಪದ ಮಾತ್ರ ಪಕ್ಕದ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ.

ಈಗ ವಿದ್ಯುಚ್ಛಕ್ತಿ ಪಾಠದ ಕಥೆ ಹೇಳಬೇಕು. ಹತ್ತನೇ ತರಗತಿಯ ಈ ಪಾಠದಲ್ಲಿ ಮಕ್ಕಳ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ. ಎರಡು ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ಜೋಡಿಸಿದರೆ ಏನಾಗುತ್ತದೆ ಅಂದರೆ, "ಮೊದಲ್ನೇ ಬಲ್ಬು ಕರೆಂಟ್ ತಿಂದ್ಬಿಡ್ತದೆ ಮಿಸ್, ಎರಡನೇದಕ್ಕೆ ಉಳಿದಿದ್ದು ಹೋಯ್ತದೆ" ಅನ್ನುತ್ತಾರೆ. ನಾನು ಎಷ್ಟು ವರ್ಷ ಹಲಗೆ ಮೇಲೆ ಹಾಗಲ್ಲ ಅಂತ ಬರೆದಿದ್ದೀನಿ. ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ, ಹೊರಗೆ ಬಂದು ಮತ್ತೆ ಕರೆಂಟ್ ತಿನ್ನಿಸುತ್ತಾರೆ.

ಈ ಸಲ ಫೆಟ್ ಸಿಮ್ಯುಲೇಶನ್ ತಂದೆ, ಅಂದರೆ ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ಪ್ರೋಗ್ರಾಮ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಕೆಲಸ ಇದು. ದುಡ್ಡು ಕೊಡಬೇಕಾಗಿಲ್ಲ. ಒಂದು ಫೈಲ್ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ ಇಲ್ಲದೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಎಷ್ಟೋ ಸಿಮ್ಯುಲೇಶನ್ ಕನ್ನಡದಲ್ಲೂ ಇವೆ. ಮಂಡಲ (ಸರ್ಕ್ಯೂಟ್) ಜೋಡಿಸುವ ಸಿಮ್ಯುಲೇಶನ್ನಿನಲ್ಲಿ ತಂತಿ, ಬಲ್ಬು, ಬ್ಯಾಟರಿ ಎಳೆದು ಇಡಬಹುದು, ಪ್ರವಾಹ ಅಳೆಯುವ ಅಮ್ಮೀಟರ್ ಹಾಕಬಹುದು, ತಂತಿಯೊಳಗೆ ಎಲೆಕ್ಟ್ರಾನ್ ನೀಲಿ ಚುಕ್ಕೆಗಳಾಗಿ ಹರಿಯುವುದು ಕಾಣುತ್ತದೆ.

ಅದರ ಪಕ್ಕದಲ್ಲೇ ಮೇಜಿನ ಮೇಲೆ ನಿಜವಾದ ಟಾರ್ಚ್ ಬಲ್ಬು ಎರಡು, ಸೆಲ್ಲು ಎರಡು ಇಟ್ಟೆ. ಮೊದಲು ಮೇಜಿನದು. ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದೆ. ಹತ್ತಿತು. ನೋಡಿದರೆ ಒಂದು ಚೆನ್ನಾಗಿ ಉರಿಯುತ್ತಿದೆ, ಇನ್ನೊಂದು ಮಂಕು. ಎರಡೂ ಬೇರೆ ಬೇರೆ ಅಂಗಡಿಯ ಬಲ್ಬು, ಒಂದೇ ಬಗೆಯವಲ್ಲ ಅಂತ ನನಗೂ ಆಗಲೇ ಹೊಳೆದಿದ್ದು. ಹಿಂದಿನಿಂದ ಒಬ್ಬ ಎದ್ದು ನಿಂತು "ನೋಡಿ ಮಿಸ್, ಮೊದಲ್ನೇದು ತಿಂದ್ಕೊಂತು!" ಅಂದ. ತರಗತಿ ಪೂರ್ತಿ ಅವನ ಕಡೆ. ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಸಾಕ್ಷಿ ನನ್ನ ಮೇಜಿನ ಮೇಲೇ ಉರಿಯುತ್ತಿತ್ತು.

ಎರಡು ನಿಮಿಷ ನನಗೆ ಏನೂ ತೋಚಲಿಲ್ಲ. ಆಮೇಲೆ ಅವನನ್ನೇ ಮುಂದೆ ಕರೆದು ಕೇಳಿದೆ: "ನೀನು ಹೇಳಿದ್ದು ನಿಜ ಆದ್ರೆ, ಬಲ್ಬುಗಳ ಜಾಗ ಅದಲು ಬದಲು ಮಾಡಿದ್ರೆ ಏನಾಗ್ಬೇಕು?" ಯೋಚನೆ ಮಾಡಿದ. "ಮಂಕಾಗಿರೋದು ಮೊದಲಿಗೆ ಬತ್ತದೆ, ಆಗ ಅದು ಚೆನ್ನಾಗಿ ಉರೀಬೇಕು." ಎಲ್ಲರೂ ಅದನ್ನೇ ಬರೆದುಕೊಳ್ಳಲಿ ಅಂದೆ. ಅವನ ಕೈಯಿಂದಲೇ ಬಲ್ಬು ಬಿಚ್ಚಿ ಜಾಗ ಬದಲಿಸಿದೆವು. ಮಂಕಾಗಿದ್ದದ್ದು ಮೊದಲಿಗೆ ಬಂದರೂ ಮಂಕಾಗಿಯೇ ಇತ್ತು. ಅವನು ಮತ್ತೊಮ್ಮೆ ಬಿಚ್ಚಿ ಹಾಕಿದ. ಮತ್ತೆ ಹಾಗೇ. ತಂತಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಬಗ್ಗಿ, ಎರಡೂ ಬಲ್ಬನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದ ಅವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗ ಪ್ರೊಜೆಕ್ಟರ್ ಹಾಕಿದೆ. 9 ವೋಲ್ಟ್ ಬ್ಯಾಟರಿ, 10 ಓಮ್‌ನ ಎರಡು ಬಲ್ಬು ಸರಣಿಯಲ್ಲಿ. ಮೊದಲ ಬಲ್ಬಿನ ಹಿಂದೆ ಒಂದು ಅಮ್ಮೀಟರ್, ಎರಡರ ನಡುವೆ ಒಂದು, ಕೊನೆಗೆ ಒಂದು. ಮೂರರಲ್ಲೂ 0.45 ಆಂಪಿಯರ್. ಒಂದು ಬಲ್ಬಿನ ರೋಧ ಜಾಸ್ತಿ ಮಾಡಿದೆ. ಮೂರೂ ಕಡೆ ಪ್ರವಾಹ ಕಡಿಮೆಯಾಯಿತು, ಆದರೆ ಮೂರರಲ್ಲೂ ಒಂದೇ ಸಂಖ್ಯೆ. ಬಲ್ಬುಗಳ ಬೆಳಕು ಮಾತ್ರ ಬೇರೆ ಬೇರೆ, ನಮ್ಮ ಮೇಜಿನ ಮೇಲಿದ್ದ ಹಾಗೇ. ಪ್ರವಾಹ ಒಂದೇ, ಹಂಚಿಹೋಗೋದು ವಿಭವಾಂತರ ಅನ್ನೋದು ಆವತ್ತು ನಾನು ಹೇಳುವ ಮುಂಚೆ ಒಬ್ಬ ಹುಡುಗಿ ಹೇಳಿದಳು, ವೋಲ್ಟ್‌ಮೀಟರನ್ನು ತಾನೇ ಎಳೆದು ಇಟ್ಟು.

ಬರೀ ಸಿಮ್ಯುಲೇಶನ್ ತೋರಿಸಿದ್ದರೆ ಇದು ಆಗುತ್ತಿರಲಿಲ್ಲ. ಅಲ್ಲಿ ಎರಡು ಬಲ್ಬೂ ಒಂದೇ ಥರ, ಸೆಲ್ಲು ಸೋರಲ್ಲ, ತಂತಿ ಸಡಿಲವಾಗಲ್ಲ. ಮಕ್ಕಳು "ಅದು ಕಂಪ್ಯೂಟ್ರಲ್ಲಿ ಹಂಗೆ" ಅಂದು ಸುಮ್ನಾಗುತ್ತಾರೆ. ಬರೀ ಮೇಜಿನ ಬಲ್ಬಾಗಿದ್ದರೆ ತಪ್ಪು ನಂಬಿಕೆಯೇ ಗೆಲ್ಲುತ್ತಿತ್ತು, ಯಾಕೆಂದರೆ ತಂತಿಯ ಒಳಗೆ ಕಣ್ಣು ಹೋಗಲ್ಲ, ನಮ್ಮ ಬೀರುವಿನ ಅಮ್ಮೀಟರಿನ ಮುಳ್ಳು ಅಲುಗಾಡಲ್ಲ. ಎರಡೂ ಅಕ್ಕಪಕ್ಕ ಇದ್ದದ್ದರಿಂದ ಕೆಲಸ ಆಯಿತು. ಆಮೇಲಿಂದ ನಾನು ಯಾವ ಪಾಠಕ್ಕೂ ಪರದೆಯ ಪಕ್ಕ ಒಂದು ಮುಟ್ಟುವ ವಸ್ತು ಇಲ್ಲದೆ ಹೋಗಿಲ್ಲ.

ಮಾರನೇ ದಿನದ ತರಗತಿ ಇನ್ನೂ ಚೆನ್ನಾಗಿತ್ತು. ನೀಲಿ ಚುಕ್ಕೆಗಳು ನಿಧಾನವಾಗಿ ತೆವಳೋದು ನೋಡಿ ಒಬ್ಬಳು ಕೇಳಿದಳು, ಇಷ್ಟು ನಿಧಾನ ಆದರೆ ಸ್ವಿಚ್ ಹಾಕಿದ ತಕ್ಷಣ ಬಲ್ಬು ಹೇಗೆ ಹತ್ತುತ್ತದೆ ಅಂತ. ಪುಸ್ತಕದಲ್ಲೇ ಒಂದು ಚೌಕದೊಳಗೆ ಬರೆದಿದೆ, ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಮಾತ್ರ ಸರಿಯುತ್ತವೆ ಅಂತ. ಇಷ್ಟು ವರ್ಷ ನಾವು ಆ ಚೌಕವನ್ನು ಹಾಗೇ ದಾಟಿಕೊಂಡು ಹೋಗುತ್ತಿದ್ದೆವು. ಲ್ಯಾಪ್‌ಟಾಪ್ ಮುಚ್ಚಿದೆ. "ನೀವೇ ಹೇಳಿ" ಅಂದೆ.

ಒಬ್ಬಳು ನಾಲೆಯಿಂದ ಶುರು ಮಾಡಿದಳು. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಮದ್ದೂರು ಕಡೆ ಇರೋ ಅವಳ ಅಜ್ಜಿ ಊರಿಗೆ ಬರೋಕೆ ದಿನಗಟ್ಟಲೆ ಆಗುತ್ತದಂತೆ. ಹಾಗಿದ್ದರೆ ಬಲ್ಬೂ ತಡವಾಗಿ ಹತ್ತಬೇಕಲ್ವಾ ಅಂದಳು. ಆಗ ಆ ಹಿಂದಿನ ಬೆಂಚಿನವನೇ: "ನಾಲೆ ಒಣಗಿರ್ತದೆ ಕಣಮ್ಮಿ, ಅದ್ಕೇ ತಡ. ನಮ್ಮಪ್ಪ ಮೋಟ್ರು ಹಾಕಿದ ತಕ್ಷಣ ಗದ್ದೆ ತುದೀಲಿ ನೀರು ಬತ್ತದೆ. ಬಾವಿ ನೀರು ಅಲ್ಲಿಗಂಟ ಓಡೋಗಿರಲ್ಲ. ಪೈಪಲ್ಲಿ ಮೊದ್ಲೇ ಇದ್ದಿದ್ದು ಆಚೆ ಬತ್ತದೆ." ಇನ್ನೊಬ್ಬ ಸೇರಿಸಿದ: "ಫುಟ್‌ವಾಲ್ ಸೋರಿ ಪೈಪು ಖಾಲಿ ಆಗಿದ್ರೆ ಬರಕಿಲ್ಲ ಮಿಸ್, ಆಗ ಮೇಲಿಂದ ನೀರು ಹುಯ್ದು ತುಂಬಿಸ್ಬೇಕು." ತಂತಿ ಯಾವಾಗಲೂ ತುಂಬಿರುವ ಪೈಪು. ಇಲ್ಲಿ ತಳ್ಳಿದರೆ ಅಲ್ಲೂ ತಕ್ಷಣ ಸರಿಯುತ್ತದೆ. ಇದಕ್ಕಿಂತ ಒಳ್ಳೆಯ ಹೋಲಿಕೆಯನ್ನು ನಾನು ಯಾವ ವಿಡಿಯೋದಲ್ಲೂ ನೋಡಿಲ್ಲ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಹಿಂದಿನ ವರ್ಷ ಪ್ರವಾಸಕ್ಕೆ ಶಿವನಸಮುದ್ರಕ್ಕೆ ಹೋಗಿದ್ದೆವು, 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು ಅಂತ ಹೇಳಿದ್ದೆ. ಒಬ್ಬ ಅದನ್ನು ನೆನಪಿಟ್ಟುಕೊಂಡು, "ಹಂಗಾದ್ರೆ ಇಲ್ಲಿನ ಎಲೆಕ್ಟ್ರಾನು ಕೋಲಾರಕ್ಕೆ ಹೋಗ್ಲೇ ಇಲ್ವ ಮಿಸ್?" ಅಂದ. ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮನೆಗೆ ಬರುವ ಕರೆಂಟಂತೂ ಪರ್ಯಾಯ ಪ್ರವಾಹ, ಎಲೆಕ್ಟ್ರಾನು ಇದ್ದ ಜಾಗದಲ್ಲೇ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಅಲುಗಾಡುತ್ತದೆ ಅಷ್ಟೆ, ಅದನ್ನು ಮುಂದಿನ ಪಾಠದಲ್ಲಿ ನೋಡೋಣ ಅಂದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಇದೆಲ್ಲ ಸುಲಭಕ್ಕೆ ಆಗಿದ್ದಲ್ಲ. ಒಂದು 40 ನಿಮಿಷದ ತರಗತಿಗೆ ಹಿಂದಿನ ರಾತ್ರಿ ನನಗೆ ಎರಡು ಗಂಟೆ ಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ಪ್ರಶ್ನೆ ಕೇಳಬೇಕು ಅಂತ ಕೂತು ಬರೆಯೋಕೆ. ಎಲ್ಲ ಪಾಠಕ್ಕೂ ಹೀಗೆ ಮಾಡೋಕೆ ಆಗಲ್ಲ, ಮಾಡೋದೂ ಇಲ್ಲ. ಕಣ್ಣಿಗೆ ಕಾಣದ್ದು, ತುಂಬ ಚಿಕ್ಕದು, ತುಂಬ ವೇಗದ್ದು, ಅಪಾಯದ್ದು ಇದ್ದರೆ ಮಾತ್ರ ಪ್ರೊಜೆಕ್ಟರ್. ಹೂವಿನ ಭಾಗ ತೋರಿಸೋಕೆ ಯಾಕೆ ವಿಡಿಯೋ? ಶಾಲೆ ಬೇಲಿಯಲ್ಲೇ ದಾಸವಾಳ ಇದೆ.

ಕರೆಂಟ್ ಹೋಗುತ್ತದೆ. ವಿದ್ಯುಚ್ಛಕ್ತಿ ಪಾಠದ ಮಧ್ಯೆಯೇ ಎರಡು ಸಲ ಹೋಯಿತು. ಮೊದಲಾಗಿದ್ದರೆ ತರಗತಿಯೇ ಮುಗಿದ ಹಾಗೆ. ಈಗ ಊಹೆ ನೋಟ್‌ಬುಕ್ಕಿನಲ್ಲಿ ಇರುತ್ತದೆ, ಬಲ್ಬು ಮೇಜಿನ ಮೇಲಿರುತ್ತದೆ, ಪಾಠ ನಡೆಯುತ್ತದೆ. ಫೋನಿನ ಕಷ್ಟ ಇನ್ನೊಂದು. ಮೂರು ನಿಮಿಷದ ಸಣ್ಣ ವಿಡಿಯೋ ನಾನೇ ಮಾಡಿ ಗ್ರೂಪಿಗೆ ಹಾಕುತ್ತಿದ್ದೆ. ನಮ್ಮ ಮಕ್ಕಳಿಗೆ ಫೋನ್ ಸಿಗೋದು ಅಪ್ಪ ಗದ್ದೆಯಿಂದಲೋ ಆಲೆಮನೆಯಿಂದಲೋ ಬಂದ ಮೇಲೆ, ರಾತ್ರಿ ಎಂಟೂವರೆಗೆ. ಹುಡುಗಿಯರಿಗೆ ಅದೂ ಅಣ್ಣನ ಕೈ ದಾಟಿ ಬರಬೇಕು. ಅದಕ್ಕೇ ಮನೆಯಲ್ಲಿ ನೋಡಿಕೊಂಡು ಬನ್ನಿ ಅನ್ನೋದನ್ನು ಬಿಟ್ಟೆ. ನೋಡಲೇಬೇಕಾದ್ದು ಶಾಲೆಯಲ್ಲೇ ನೋಡಬೇಕು, ಎಲ್ಲರೂ ಒಟ್ಟಿಗೆ. ಈ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ.

ನಮ್ಮ ಸಮಾಜ ವಿಜ್ಞಾನದ ಸರ್ ಕೂಡ ಈಗ ಇದೇ ದಾರಿ ಹಿಡಿದಿದ್ದಾರೆ. ಗೂಗಲ್ ಅರ್ಥ್‌ನಲ್ಲಿ ಕೆಆರ್‌ಎಸ್ ಹಿನ್ನೀರಿನ ಬೇಸಿಗೆಯ ಚಿತ್ರ ಹಾಕಿ, ನಿಲ್ಲಿಸಿ, ಮಳೆಗಾಲ ಕಳೆದ ಮೇಲೆ ನೀರಿನ ಅಂಚು ಎಲ್ಲಿಗೆ ಬರಬಹುದು ಅಂತ ಮಕ್ಕಳಿಂದ ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಗೆರೆ ಎಳೆಸುತ್ತಾರೆ. ಆಮೇಲೆ ಎರಡನೇ ಚಿತ್ರ. ನನ್ನ ಬಿಳಿ ಗೋಡೆ ಗೀಚಿಹೋಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಬೇಜಾರಿಲ್ಲ.

ಮುಂದಿನ ವಾರ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ. ತಂತಿಯ ಸುತ್ತ ಕಾಂತಕ್ಷೇತ್ರದ ರೇಖೆ ತೋರಿಸುವ 50 ಸೆಕೆಂಡಿನ ತುಣುಕು ಸಿದ್ಧ ಇದೆ, ನಿಲ್ಲಿಸುವ ಜಾಗ ಎರಡು ಗುರುತು ಹಾಕಿಕೊಂಡಿದ್ದೀನಿ. ಬೀರುವಿನಲ್ಲಿ ನಾಲ್ಕು ದಿಕ್ಸೂಚಿ ಇವೆ. ಎರಡು ಉತ್ತರ ತೋರಿಸುತ್ತವೆ, ಎರಡು ಎಲ್ಲೆಲ್ಲೋ ತೋರಿಸುತ್ತವೆ. ಆ ಎರಡಕ್ಕೆ ದಂಡಕಾಂತ ಉಜ್ಜಿ ಸರಿ ಮಾಡೋ ಕೆಲಸ ಶನಿವಾರ ಆ ಹಿಂದಿನ ಬೆಂಚಿನ ಹುಡುಗನಿಗೆ ವಹಿಸಿದ್ದೀನಿ.